ಹಲಸಿನ ಮರದಲ್ಲಿ ಅಪ್ಪನ ಮುಖ

ನನ್ನ ಕೆಲಸ ನೋಡಲು ಬಂದವರು ಹೆಚ್ಚುಕಡಿಮೆ ಒಂದೇ ತರಹದ ಪ್ರಶ್ನೆ ಕೇಳುತ್ತಾರೆ. ಮರ ಕೆತ್ತುವವರ ಮನೆಯಲ್ಲಿ ಹುಟ್ಟಿ ಮಣ್ಣಿಗೆ ಯಾಕೆ ಬಂದಿರಿ? ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ತಲೆಗಳನ್ನು ಯಾಕೆ ಮಾಡುತ್ತೀರಿ? ಎಲ್ಲದಕ್ಕೂ ನಿಮ್ಮದೇ ಮುಖ ಯಾಕೆ? ಮೊದಲೆಲ್ಲ ಏನಾದರೊಂದು ಹೇಳಿ ಕಳಿಸುತ್ತಿದ್ದೆ. ನಮ್ಮ ಕಡೆಯ ಹೆಂಚಿನ ಮಣ್ಣಿನ ಬಣ್ಣ ಚೆಂದ, ಎದುರು ಕೂರಿಸಲು ಬೇರೆ ಯಾರೂ ಸಿಗುವುದಿಲ್ಲ, ಹೀಗೆ. ಎಪ್ಪತ್ತು ದಾಟಿದ ಮೇಲೆ ಸುಳ್ಳು ಹೇಳುವುದಕ್ಕೂ ಬೇಸರ ಬರುತ್ತದೆ. ಉತ್ತರವೇನಾದರೂ ಇದ್ದರೆ ಅದು ಮೂಡುಬಿದಿರೆಯ ಹೊರಗೆ, ವೇಣೂರಿನ ದಾರಿಯಲ್ಲಿದ್ದ ನಮ್ಮ ಮನೆಯಲ್ಲಿದೆ. ನನಗೆ ಹನ್ನೊಂದು ತುಂಬಿದಲ್ಲಿಂದ ಹದಿಮೂರು ಆಗುವವರೆಗೆ ಅಲ್ಲಿ ಏನಾಯಿತು ಎಂಬುದನ್ನು ನಾನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಮನೆಯೆಂದರೆ ಕೆಂಪು ಮುರಕಲ್ಲಿನ ಗೋಡೆಯ ಎರಡೇ ಕೋಣೆ. ಮುಂದಿನದು ಚಾವಡಿ, ಅಂದರೆ ಅಪ್ಪನ ಕೆಲಸದ ಜಾಗ. ಹಿಂದಿನದು ಅಡುಗೆಮನೆ. ಅಪ್ಪ ಶೀನ ಆಚಾರಿ ಹಲಸಿನ ಮರದಲ್ಲಿ ದೈವಗಳ ಮೂರ್ತಿ ಕೆತ್ತುವವನು. ಬೆಳ್ತಂಗಡಿ, ಬಂಟ್ವಾಳದವರೆಗೂ ಅವನ ಕೈಕೆಲಸ ಹೋಗಿತ್ತು. ನಾವು ಮೂವರು, ಅಮ್ಮ ಗಿರಿಜ, ಅಣ್ಣ ವಾಸು ಮತ್ತು ನಾನು, ಗೋಡೆಯ ಈಚೆಗೆ ಕೂತು ಅವನ ಮನಸ್ಸನ್ನು ಶಬ್ದದಿಂದಲೇ ತಿಳಿಯುತ್ತಿದ್ದೆವು. ಉಳಿಯ ತಲೆಗೆ ಮರದ ಕೊಡತಿ ಒಂದೇ ಲಯದಲ್ಲಿ ಬೀಳುತ್ತಿದ್ದರೆ ಉಸಿರಾಡಬಹುದು. ಎರಡು ಏಟಿನ ನಡುವೆ ಅಂತರ ಹೆಚ್ಚಾದರೆ ಅಮ್ಮ ಒಲೆಯ ಬೆಂಕಿ ತಗ್ಗಿಸಿ, ಪಾತ್ರೆಗಳನ್ನು ಸದ್ದಾಗದ ಹಾಗೆ ಎತ್ತಿಡುತ್ತಿದ್ದಳು. ಪೂರ್ತಿ ನಿಂತರೆ ವಾಸು ಹಿತ್ತಿಲ ಬಾಗಿಲಿನ ಅಗಳಿ ತೆಗೆದು ನನ್ನ ಮುಖ ನೋಡುತ್ತಿದ್ದ. ಅಪ್ಪ ಹೊಡೆಯುವುದಕ್ಕೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಿದ್ದ. ಅಳತೆಕೋಲು, ಹಗ್ಗ, ಒಮ್ಮೆ ಅರ್ಧ ಕೆತ್ತಿದ ಒಂದು ಕಾಲು. ಆಯುಧ ಪೂಜೆಯ ದಿನ ಬಾಚಿ, ಉಳಿ, ಕೊಡತಿಗಳಿಗೆ ಗಂಧ ಹಚ್ಚಿ ಸಾಲಾಗಿ ಇಟ್ಟಾಗ ನಾವು ಅವುಗಳಿಗೆ ಅಡ್ಡಬೀಳಬೇಕಿತ್ತು. ಯಾವ ಕೊಡತಿ ನನ್ನ ಬೆನ್ನಿಗೆ ಬಿದ್ದದ್ದು ಎಂದು ಗುರುತು ಹಿಡಿದು, ಅದನ್ನು ಬಿಟ್ಟು ಉಳಿದವಕ್ಕೆ ಮನಸ್ಸಿನಲ್ಲಿ ಕೈಮುಗಿಯುತ್ತಿದ್ದೆ. ಬೇರೆ ದಿನ ಹೆಣ್ಣುಮಗಳು ಅವನ್ನು ಮುಟ್ಟುವಂತಿಲ್ಲ. ನನಗೆ ಇದ್ದದ್ದು ಗದ್ದೆಯ ಜೇಡಿಮಣ್ಣು. ಅದರಲ್ಲಿ ಕೋಳಿ, ದನ, ಪಕ್ಕದ ಮನೆಯ ಅಜ್ಜಿಯ ಮೂಗು ಮಾಡುತ್ತಿದ್ದೆ. ಅಪ್ಪ ಕಂಡರೆ ಕಾಲಲ್ಲಿ ಒರೆಸಿ ಹೋಗುತ್ತಿದ್ದ.

"ಮಣ್ಣು ಹೇಳಿದ ಹಾಗೆ ಕೇಳ್ತದೆ, ಅದರಲ್ಲಿ ಏನು ದೊಡ್ಡಸ್ತಿಕೆ ಉಂಟು? ಮರ ಕೇಳುವುದಿಲ್ಲ. ಹೊಡೆದೇ ಕೇಳಿಸಬೇಕು."

ಮಡಂತ್ಯಾರಿನ ಆಚೆಯ ಒಂದು ಗುತ್ತಿನ ಮನೆಯಿಂದ, ಊರ ಯಜಮಾನಿಕೆಯ ಮನೆತನದಿಂದ, ದೇಜಪ್ಪ ಶೆಟ್ರು ಎಂಬವರು ಬಂದು ದೊಡ್ಡ ಮೂರ್ತಿಯೊಂದಕ್ಕೆ ಹೇಳಿಹೋದದ್ದು ಮಳೆಗಾಲಕ್ಕೆ ಸ್ವಲ್ಪ ಮುಂಚೆ. ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು ಬೇಕು ಎಂದರು. ಅಷ್ಟು ದೊಡ್ಡದನ್ನು ಅಪ್ಪ ಅದುವರೆಗೆ ಮಾಡಿರಲಿಲ್ಲ. ಎತ್ತಿನ ಗಾಡಿಯಲ್ಲಿ ಬಂದ ಹಲಸಿನ ದಿಮ್ಮಿ ಬಾಗಿಲಿನಲ್ಲಿ ತಿರುಗಲಿಲ್ಲ. ಅಪ್ಪ ಪಿಕ್ಕಾಸು ತೆಗೆದುಕೊಂಡು ಚಾವಡಿಯ ಮುಂದಿನ ಗೋಡೆಯನ್ನು ಒಂದೇ ಮಧ್ಯಾಹ್ನದಲ್ಲಿ ಒಡೆದು ಹಾಕಿದ. ಆ ಜಾಗಕ್ಕೆ ತೆಂಗಿನ ಮಡಲು ಹೆಣೆದ ತಟ್ಟಿ ಬಂತು. ಮರ ಒಳಗೆ ಮಲಗಿದ ಮೇಲೆ ನಮಗೆ ಮಲಗಲು ಅದರ ಕಾಲಬುಡದ ಜಾಗ ಮಾತ್ರ ಉಳಿಯಿತು. ಕೆತ್ತನೆ ಮುಂದುವರಿದ ಹಾಗೆ ಮೂರ್ತಿಗೆ ತೊಡೆ ಬಂತು, ಸೊಂಟ ಬಂತು, ಹೆಗಲು ಬಂತು. ನಾವು ದಿನದಿನಕ್ಕೂ ಸಣ್ಣವರಾಗುತ್ತ ಹೋದೆವು. ಅಪ್ಪ ಮಾತ್ರ ಅದರ ಜೊತೆ ಬೆಳೆಯುತ್ತಿದ್ದಾನೆ ಎಂದು ನನಗೆ ಕಾಣುತ್ತಿತ್ತು. ಮೂರ್ತಿ ಮುಗಿಯುವವರೆಗೆ ಅವನದು ವ್ರತ. ಬಾವಿಕಟ್ಟೆಯಲ್ಲಿ ತಣ್ಣೀರ ಸ್ನಾನ, ಒಂದು ಹೊತ್ತು ಊಟ, ನೆಲದ ಮೇಲೆ ಚಾಪೆ. ವ್ರತದಲ್ಲಿದ್ದವನು ಮನೆಯವರಿಗೆ ಹೊಡೆಯಬಾರದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರ್ತಿಯ ಗಂಟೆ ಹಿಡಿಯುವ ಎಡಗೈ ಕೆತ್ತುವುದನ್ನು ಅಪ್ಪ ವಾಸುವಿಗೆ ಬಿಟ್ಟಿದ್ದ. ವಾಸುವಿಗೆ ಆಗ ಹದಿನೇಳು. ಒಂದು ಬೆಳಿಗ್ಗೆ ಹೆಬ್ಬೆರಳಿನ ಬುಡದಲ್ಲಿ ಉಳಿ ಜಾರಿ, ಮರದ ನಾರು ಎದ್ದು, ಮಣಿಕಟ್ಟಿನವರೆಗೂ ಸೀಳಿಹೋಯಿತು. ಆ ಶಬ್ದಕ್ಕೇ ಅಮ್ಮ ಅಡುಗೆಮನೆಯಿಂದ ಓಡಿಬಂದಳು. ಅಪ್ಪ ಕಿರುಚಲಿಲ್ಲ. ಸೀಳಿನ ಮೇಲೆ ಬೆರಳಾಡಿಸಿ ನೋಡಿದ.

"ಕೈ ಇಡು," ಅಂದ.

ವಾಸು ಎಡಗೈಯನ್ನು ದಿಮ್ಮಿಯ ಮೇಲೆ ಇಟ್ಟ. ಅಳತೆ ತೆಗೆಯಲು ಇಡುವ ಹಾಗೆ ಬೆರಳುಗಳನ್ನು ನೀಟಾಗಿ ಬಿಡಿಸಿಯೇ ಇಟ್ಟ. ಓಡಬಹುದಿತ್ತು; ಎದುರಿನ ತಟ್ಟಿಯನ್ನು ತಳ್ಳಿದರೆ ರಸ್ತೆ. ಅವನು ಯಾಕೆ ಓಡಲಿಲ್ಲ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಕೊಡತಿ ಒಂದೇ ಸಲ ಬಿತ್ತು. ಎರಡು ಬೆರಳು ಮುರಿದವು, ಒಂದರ ಉಗುರು ಮರಕ್ಕೆ ಅಂಟಿ ಉಳಿಯಿತು. ಅಮ್ಮ ಅವನ ಕೈಗೆ ಬಟ್ಟೆ ಸುತ್ತುತ್ತಿದ್ದರೆ ಅಪ್ಪ ಸೀಳಿದ ಭಾಗವನ್ನು ಕತ್ತರಿಸಿ ತೆಗೆದು, ಬೇರೆ ತುಂಡು ಕೂಡಿಸಲು ಗುರುತು ಹಾಕುತ್ತಿದ್ದ. ಮೂರು ವಾರದ ನಂತರ ವಾಸು ಶಾಲೆಯ ಚೀಲದಲ್ಲಿ ಎರಡು ಅಂಗಿ ತುಂಬಿಸಿಕೊಂಡು ಬೆಳ್ತಂಗಡಿಯ ಬಸ್ಸು ಹತ್ತಿದ. ಅಲ್ಲಿಂದ ಒಂದು ಲಾರಿಯಲ್ಲಿ ಚಾರ್ಮಾಡಿ ಏರಿ ಘಟ್ಟದ ಮೇಲಿನ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆದನೆಂದು ಕಾಗದ ಬಂತು. ಅವನು ಮತ್ತೆ ಮರ ಮುಟ್ಟಲಿಲ್ಲ.

ಮರ ಹಿಡಿದುಕೊಳ್ಳಲು, ಉಳಿ ಸಾಣೆ ಹಿಡಿದು ಕೊಡಲು ಅಪ್ಪನಿಗೆ ಒಬ್ಬರು ಬೇಕಿತ್ತು. ಮುಟ್ಟಬಾರದು ಎಂಬ ಕಟ್ಟಳೆ ಒಂದೇ ದಿನದಲ್ಲಿ ಮಾಯವಾಯಿತು. "ಬಾ, ಇಲ್ಲಿ ಕೂತುಕೋ," ಅಂದ, ಅಷ್ಟೆ. ಆರು ತಿಂಗಳಲ್ಲಿ ಯಾವ ಉಳಿ ಯಾವಾಗ ಬೇಕು ಎಂದು ಅವನು ಹೇಳುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಅವನ ಕೈಯನ್ನು ನೋಡುತ್ತಿರುವಾಗ ನಾನು ವಾಸುವನ್ನು ಮರೆಯುತ್ತಿದ್ದೆ ಎಂಬುದನ್ನೂ ಹೇಳಬೇಕು. ಅಷ್ಟು ಚೆಂದದ ಕೈ ಅದು. ಆಭರಣದ ಮಣಿಗಳನ್ನು ಅವನು ಎಬ್ಬಿಸುತ್ತಿದ್ದರೆ ಮರದೊಳಗೆ ಅವು ಮೊದಲೇ ಇದ್ದವು ಅನ್ನಿಸುತ್ತಿತ್ತು.

ಮುಖದಲ್ಲಿ ಮಾತ್ರ ಕೆಲಸ ನಿಂತಿತು. ಉಗ್ರವಾದ ದೈವ ಅದು. ಕಣ್ಣು ಹೊರಗೆ ಬರಬೇಕು, ದವಡೆ ಬಿಗಿಯಬೇಕು. ಅಪ್ಪ ಕೆತ್ತಿದ ಹಾಗೆಲ್ಲ ಅದು ಶಾಂತವಾಗುತ್ತಿತ್ತು. "ಇದು ಬಸದಿಯ ತೀರ್ಥಂಕರರ ಹಾಗೆ ಕಾಣ್ತದೆ ಮಾರಾಯ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಒಂದು ದಿನ ಅಮ್ಮನ ಕನ್ನಡಿಯನ್ನು, ಬಂಟ್ವಾಳದ ತವರಿನಿಂದ ಅವಳು ತಂದಿದ್ದ ಅಂಗೈ ಅಗಲದ ಕನ್ನಡಿಯನ್ನು, ಚಾವಡಿಯ ಕಂಬಕ್ಕೆ ಮೊಳೆ ಹೊಡೆದು ನೇತುಹಾಕಿದ. ಅದರ ಎದುರು ನಿಂತು ಹಲ್ಲು ಕಚ್ಚಿದ, ಕಣ್ಣು ಅರಳಿಸಿದ, ಹುಬ್ಬು ಗಂಟಿಕ್ಕಿದ. ಎಲ್ಲವೂ ಆಟ ಆಡಿದ ಹಾಗೆ ಕಾಣುತ್ತಿತ್ತು. ನನಗೆ ನಗು ಬಂತು, ನುಂಗಿಕೊಂಡೆ. ನಾಲ್ಕು ದಿನ ಹೀಗೇ ಕಳೆಯಿತು. ಕೊಡತಿಯ ಸದ್ದೇ ಇಲ್ಲ.

ಐದನೆಯ ದಿನ ಮಧ್ಯಾಹ್ನ ಅಪ್ಪ ಗಂಜಿಗೆ ಕೂತ. ಹುರುಳಿ ಸಾರು, ಮಿಡಿ ಉಪ್ಪಿನಕಾಯಿ. ಒಂದು ತುತ್ತು ಬಾಯಿಗೆ ಹಾಕಿ ನಿಲ್ಲಿಸಿದ.

"ಉಪ್ಪು ಎಲ್ಲಿ ಉಂಟು ಇದರಲ್ಲಿ?"

"ಹಾಕಿದ್ದೇನೆ. ಬೇಕಾದರೆ ಇನ್ನೊಂಚೂರು ಕೊಡ್ತೇನೆ," ಅಂದಳು ಅಮ್ಮ.

"ಎದುರು ಮಾತಾಡ್ತೀಯಾ?"

ಮೊದಲ ಏಟು ಅಂಗೈಯಿಂದ ಕೆನ್ನೆಗೆ. ಎರಡನೆಯದು ಕಂಚಿನ ಬಟ್ಟಲಿನಿಂದ ಎಡಗಿವಿಯ ಮೇಲೆ. ಅಮ್ಮ ಕಡೆಯುವ ಕಲ್ಲಿನ ಮೇಲೆ ಬಿದ್ದಳು. ಬಿದ್ದವಳ ಕೂದಲು ಹಿಡಿದು ಎತ್ತಿ ಮತ್ತೊಂದು ಕೊಟ್ಟ. ಗಂಜಿಯೆಲ್ಲ ನೆಲದಲ್ಲಿ ಹರಿದು ಅವಳ ಸೀರೆಗೆ ಹತ್ತಿತ್ತು. ಅವಳ ಕಿವಿಯಿಂದ ರಕ್ತ ಸಣ್ಣ ದಾರದ ಹಾಗೆ ಕುತ್ತಿಗೆಗೆ ಇಳಿಯಿತು. ಅಷ್ಟರಲ್ಲಿ ಅಪ್ಪ ಅವಳನ್ನು ಬಿಟ್ಟು ಚಾವಡಿಗೆ ಓಡಿದ. ಕೊಡತಿ ತರಲು ಹೋದನೆಂದು ನಾನು ಹಿಂದೆಯೇ ಓಡಿದೆ. ಅವನು ಕನ್ನಡಿಯ ಎದುರು ನಿಂತಿದ್ದ. ಅಂಚಿನವರೆಗೆ ತುಂಬಿದ ಕೊಡವನ್ನು ತುಳುಕದ ಹಾಗೆ ಹಿಡಿಯುತ್ತಾರಲ್ಲ, ಹಾಗೆ ತನ್ನ ಮುಖವನ್ನು ಹಿಡಿದುಕೊಂಡಿದ್ದ. ಎಡಗೈ ಅವನ ಕೆನ್ನೆಯ ಸ್ನಾಯುವನ್ನು ತಡವುತ್ತಿತ್ತು, ಬಲಗೈ ಇದ್ದಿಲಿನಿಂದ ಮರದ ಮೇಲೆ ಗೆರೆ ಎಳೆಯುತ್ತಿತ್ತು.

"ಉಳಿ ಕೊಡು. ಸಣ್ಣದ್ದು. ಬೇಗ," ಅಂದ, ತುಟಿ ಅಲುಗಿಸದೆ.

ಕೊಟ್ಟೆ. ಸರಿಯಾದ ಉಳಿಯನ್ನೇ ಕೊಟ್ಟೆ. ಒಳಗೆ ಅಮ್ಮ ನರಳುವುದು ಕೇಳುತ್ತಿತ್ತು. ಆದರೂ ಅವನು ದವಡೆಯ ಗೆರೆಯನ್ನು ತಿರುಗಿಸಿ ಮುಗಿಸುವವರೆಗೆ ನಾನು ಅಲ್ಲೇ ನಿಂತು ನೋಡಿದೆ.

ಆ ವಾರ ಇನ್ನೂ ಮೂರು ಸಲ ಹಾಗೆ ಆಯಿತು. ಹುಬ್ಬಿಗೊಮ್ಮೆ, ಮೂಗಿನ ಹೊಳ್ಳೆಗೊಮ್ಮೆ, ಕೆಳತುಟಿಗೊಮ್ಮೆ. ಹೊಡೆಯಲು ಕಾರಣವೂ ಬೇಕಾಗಲಿಲ್ಲ. ಎರಡನೆಯ ಸಲಕ್ಕೇ ಅಮ್ಮನಿಗೆ ವಿಷಯ ತಿಳಿದಿತ್ತು. ಬಾವಿಕಟ್ಟೆಯಲ್ಲಿ ಕಿವಿಯ ಹತ್ತಿಯನ್ನು ಬದಲಿಸುತ್ತ ನನ್ನೊಡನೆ ಹೇಳಿದಳು:

"ಸಿಟ್ಟು ಬಂದು ಹೊಡೆದರೆ ಅದು ಬೇರೆ ಮಗಾ. ಇವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲಿಕ್ಕೆ ಹೊಡೆದರು."

ಆ ಎಡಗಿವಿ ಮತ್ತೆ ಕೇಳಲಿಲ್ಲ. ಯಾರಾದರೂ ಆ ಬದಿಯಿಂದ ಮಾತಾಡಿದರೆ ಅವಳಿಗೆ ತಿಳಿಯುತ್ತಿರಲಿಲ್ಲ, ಏನಂದರು ಎಂದು ನನ್ನನ್ನು ಕೇಳಬೇಕಾಗುತ್ತಿತ್ತು.

ಮೂರ್ತಿ ನೋಡಲು ಬಂದ ದೇಜಪ್ಪ ಶೆಟ್ರು ಮೊದಲು ಒಂದು ಹೆಜ್ಜೆ ಹಿಂದೆ ಸರಿದರು. "ಎದುರು ನಿಲ್ಲಲಿಕ್ಕೆ ಹೆದರಿಕೆ ಆಗ್ತದೆ ಮಾರಾಯ್ರೆ. ಇಂಥದ್ದನ್ನು ಎಲ್ಲಿಂದ ತಂದಿರಿ?" ಎಂದು ಕೇಳಿದರು. ಅಪ್ಪ ತಲೆ ತಗ್ಗಿಸಿ, ಎಲ್ಲ ದೈವದ ದಯೆ ಅಂದ. ಎಂಟು ಜನ ಅದನ್ನು ಹೊತ್ತು ಗಾಡಿಗೆ ಏರಿಸಿದರು. ಅವನ ಹೆಸರು ಆ ವರ್ಷ ಬಂಟ್ವಾಳದ ಆಚೆಗೂ ಕೇಳಿತು. ಮಂದಿ ಬಂದು ಹೊಗಳುವಾಗ ಅಮ್ಮ ಬೆಲ್ಲ, ನೀರು ತಂದಿಡುತ್ತಿದ್ದಳು. ಅವರು ಹೊಗಳುತ್ತಿದ್ದದ್ದು ಯಾವುದನ್ನು ಎಂದು ಆ ಕೋಣೆಯಲ್ಲಿ ನಮಗೆ ಮೂವರಿಗೆ ಮಾತ್ರ ಗೊತ್ತಿತ್ತು.

ಮರು ವರ್ಷ ಬೆಳ್ತಂಗಡಿ ಕಡೆಯ ಇನ್ನೊಂದು ಮನೆಯವರು ಮೂರಡಿಯ ಮೂರ್ತಿಗೆ ಹೇಳಿದರು. "ಶೆಟ್ರ ಮನೆಯದ್ದರ ಹಾಗೇ ಉಗ್ರ ಇರಬೇಕು," ಎಂಬುದು ಅವರ ಒಂದೇ ಬೇಡಿಕೆ. ಮೈ ಮುಗಿಯುವವರೆಗೆ ಮನೆ ತಣ್ಣಗಿತ್ತು. ಅಪ್ಪ ಒಂದೆರಡು ಸಲ ನಕ್ಕದ್ದೂ ನೆನಪಿದೆ. ಆಮೇಲೊಂದು ಬೆಳಿಗ್ಗೆ ಉಪಕರಣಗಳ ಪೆಟ್ಟಿಗೆಯಿಂದ ಆ ಕನ್ನಡಿ ತೆಗೆದು ಒರೆಸಿ, ಕಂಬಕ್ಕೆ ಹಾಕಿದ. ಅಮ್ಮ ಅಡುಗೆಮನೆಯ ಬಾಗಿಲಿನಿಂದ ಅದನ್ನು ನೋಡಿದಳು. ಒಳಗೆ ಹೋಗಿ ಮೆಣಸು ಕುಟ್ಟಲು ತೊಡಗಿದಳು. ಸ್ವಲ್ಪ ಹೊತ್ತಿಗೆ ಅಪ್ಪ ಎದ್ದ. ನಾನು ಅವನ ಪಂಚೆಯ ತುದಿ ಹಿಡಿದೆ. ಕಾಲಿನಿಂದ ನೂಕಿ ಒಳಗೆ ನಡೆದ.

"ಇಷ್ಟು ಹೊತ್ತು ಕುಟ್ಟಲಿಕ್ಕೆ ಏನುಂಟು?" ಎಂದು ಕೈ ಎತ್ತಿದ.

ಅಮ್ಮ ಒನಕೆಯನ್ನು ಒರಳಿನಿಂದ ಎತ್ತಿದವಳು ಕೆಳಗಿಳಿಸಲೇ ಇಲ್ಲ. ಅಡ್ಡಲಾಗಿ ಬೀಸಿದಳು. ಅದು ಅವನ ಬಲ ಮಣಿಕಟ್ಟಿಗೆ ಬಡಿಯಿತು. ಒಣಗಿದ ಮರ ಸೀಳಿದಾಗ ಬರುವ ಶಬ್ದ ನನಗೆ ಚೆನ್ನಾಗಿ ಗೊತ್ತಿತ್ತು, ಅದೇ ಶಬ್ದ. ಎರಡನೆಯ ಸಲ ಬೀಸಿದಳು, ಅವನು ಮಂಡಿಯೂರಿದ. ಮೆಣಸಿನ ಪುಡಿ ಇಡೀ ಕೋಣೆಯಲ್ಲಿ ಎದ್ದು ಮೂವರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಅಮ್ಮ ಕೆಮ್ಮುತ್ತಲೇ ಹೇಳಿದಳು:

"ಈಗ ಹೋಗಿ ಕನ್ನಡಿ ನೋಡಿ. ಮುಖ ಸಿಗ್ತದೆ."

ಅಪ್ಪ ಹೋಗಲಿಲ್ಲ. ನೇತಾಡುತ್ತಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಬೇರೆ ಯಾರದ್ದೋ ಎಂಬಂತೆ ನೋಡುತ್ತ ಕೂತ. ಊರಿಗೆಲ್ಲ ಬಾವಿಕಟ್ಟೆಯಲ್ಲಿ ಜಾರಿಬಿದ್ದದ್ದು ಎಂದು ಹೇಳಿದೆವು. ಎಲುಬು ಕಟ್ಟುವವರು ಮಡಂತ್ಯಾರಿನಿಂದ ಬಂದು ಬಿದಿರಿನ ಸೀಳು ಇಟ್ಟು ಕಟ್ಟಿದರು. ಕೂಡಿಕೊಂಡದ್ದು ಸೊಟ್ಟಗೆ. ಬೆರಳುಗಳು ಅನ್ನದ ತುತ್ತು ಹಿಡಿದವು, ಉಳಿ ಹಿಡಿಯಲಿಲ್ಲ. ಮೂರ್ತಿಗೆ ಮುಖ ಬಾಕಿ ಇತ್ತು. ಆ ಮನೆಯವರ ದೈವಕ್ಕೆ ವರ್ಷಕ್ಕೊಮ್ಮೆ ನಡೆಯುವ ನೇಮದ ದಿನ ಹತ್ತಿರ ಬರುತ್ತಿತ್ತು.

"ಕುಸುಮ ಮಾಡಲಿ," ಅಂದಳು ಅಮ್ಮ. ಕುಸುಮ ಅಂದರೆ ನಾನು.

"ಹೆಣ್ಣು ಕೆತ್ತಿದ್ದನ್ನು ದೈವ ಒಪ್ಪುವುದಿಲ್ಲ."

"ಅವಳು ಇನ್ನೂ ದೊಡ್ಡವಳಾಗಲಿಲ್ಲ. ಮತ್ತೆಯೂ ಒಪ್ಪದಿದ್ದರೆ ದೈವವೇ ಬಂದು ಹೇಳಲಿ. ನೀವು ಹೇಳುವುದು ಬೇಡ."

ಹೀಗೆ ತಟ್ಟಿಯ ಸಂದುಗಳಿಗೆಲ್ಲ ಗೋಣಿ ತುರುಕಿ, ಹಗಲಲ್ಲೂ ಅರೆಗತ್ತಲಾದ ಚಾವಡಿಯಲ್ಲಿ ನಾನು ಉಳಿ ಹಿಡಿದೆ. ಕೊಡತಿಯ ಸದ್ದು ಕೇಳಿದವರು ಆಚಾರ್ರ ಕೈ ಗುಣವಾಯಿತು ಅಂದುಕೊಂಡರು. ಅಪ್ಪ ಹಿಂದೆ ಕೂತು ಬಯ್ಯುತ್ತಿದ್ದ. ನಾರಿನ ಎದುರು ಹೋಗಬೇಡ, ಮೂಗು ಮೊದಲೇ ಇಳಿಸಬೇಡ, ಕತ್ತೆ, ಕುರುಡಿ. ಎಡಗೈಯಿಂದ ಮರದ ಚೂರುಗಳನ್ನು ನನ್ನ ತಲೆಗೆ ಎಸೆಯುತ್ತಿದ್ದ. ಅವು ನೋಯುತ್ತಿರಲಿಲ್ಲ. ಹತ್ತು ದಿನದಲ್ಲಿ ಮುಖದ ಉಬ್ಬುತಗ್ಗು ಬಂತು. ಆಮೇಲೆ ಅಪ್ಪನ ಕೆಲಸ ನಿಂತಲ್ಲೇ ನನ್ನದೂ ಬಂದು ನಿಂತಿತು. ಕಣ್ಣಿಗೆ ಜೀವ ಬರುತ್ತಿರಲಿಲ್ಲ. ಕನ್ನಡಿ ಕಂಬದಲ್ಲೇ ಇತ್ತು. ಅದರಲ್ಲಿ ನೋಡಿ ಹಲ್ಲು ಕಚ್ಚಿದೆ. ಹನ್ನೆರಡು ದಾಟಿದ ಒಂದು ಪೆದ್ದು ಮುಖ ಕಂಡಿತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಕೊನೆಗೂ ಹುಬ್ಬಿನ ಕೆಳಗೆ ಏನೋ ಅಲುಗಾಡಿದ ಹಾಗೆ ಅನ್ನಿಸಿತು. ಉಸಿರು ಹಿಡಿದು ಒಂದೊಂದೇ ಎಳೆ ತೆಗೆಯುತ್ತಿದ್ದೆ. ಅಮ್ಮ ಒಳಗಿನಿಂದ ಊಟಕ್ಕೆ ಕರೆದಳು. ಇನ್ನೊಮ್ಮೆ ಕರೆದಳು. ಮೂರನೆಯ ಸಲ ಚಾವಡಿಗೇ ಬಂದು ನನ್ನ ಹೆಗಲು ಮುಟ್ಟಿದಳು. ಉಳಿ ಜಾರಿತು. ನಾನು ಕೊಡತಿ ಎತ್ತಿಕೊಂಡು ಎದ್ದುನಿಂತು ಕಿರುಚಿದೆ. ಏನು ಕಿರುಚಿದೆನೋ ನೆನಪಿಲ್ಲ. ಅಪ್ಪನ ಮಾತುಗಳೇ ಇರಬೇಕು. ಕೊಡತಿ ನನ್ನ ತಲೆಯ ಮೇಲೆ ಎತ್ತಿದಲ್ಲೇ ಇತ್ತು. ಅಮ್ಮ ಹಿಂದೆ ಸರಿದು, ಬಲ ಅಂಗೈಯನ್ನು ಬಲಗಿವಿಯ ಮೇಲೆ ಒತ್ತಿಕೊಂಡಳು. ಉಳಿದಿದ್ದ ಒಂದು ಕಿವಿ ಅದು. ಅದನ್ನು ನನ್ನಿಂದ ಕಾಪಾಡಿಕೊಳ್ಳುತ್ತಿದ್ದಳು.

ಕೊಡತಿಯನ್ನು ಕೆಳಗೆ ಇಟ್ಟೆ. ಅಮ್ಮ ಒಳಗೆ ಹೋಗಿ ನನ್ನ ಬಟ್ಟಲಿಗೆ ಗಂಜಿ ಹಾಕಿದಳು. ಬಟ್ಟಲಿನ ಎದುರು ಕೂತು, ಉಣ್ಣದೆ ಎದ್ದೆ. ಚಾವಡಿಗೆ ಮರಳಿ ಬಂದು ಕನ್ನಡಿಯ ಎದುರು ನಿಂತೆ, ನಾಟಕ ಮಾಡಲು ಮನಸ್ಸಿರಲಿಲ್ಲ, ಸುಮ್ಮನೆ ನೋಡಿದೆ. ಆಮೇಲೆ ಎರಡು ದಿನ ಅಪ್ಪನ ಬೈಗುಳ ಕಿವಿಗೆ ಬೀಳಲಿಲ್ಲ. ಕನ್ನಡಿಯಲ್ಲಿ ಕಂಡದ್ದನ್ನು ಮರಕ್ಕೆ ಇಳಿಸಿದೆ. ಅದೇ ನನ್ನ ಮೊದಲ ಸ್ವಂತ ಮುಖ. ಮರದಲ್ಲಿ ಕೊನೆಯದೂ ಅದೇ. ಮಣ್ಣಿನ ಕೆಲಸಕ್ಕೆ ಏನನ್ನೂ ತಲೆಯ ಮೇಲಕ್ಕೆ ಎತ್ತಬೇಕಾಗಿಲ್ಲ.

ಮುಗಿಯಿತು ಎಂದಾಗ ಅಪ್ಪ ಎದ್ದುಬಂದು ಮೂರ್ತಿಯ ಎದುರು ಕೂತ. ಬಹಳ ಹೊತ್ತು ನೋಡಿದ.

"ಯಾರನ್ನು ನೋಡಿ ಮಾಡಿದ್ದು?"

"ನನ್ನನ್ನೇ."

ಅವನ ಸೊಟ್ಟ ಕೈ ಮೂರ್ತಿಯ ಕಣ್ಣಿನ ಕೆಳಗೆ ತಡವಿತು.

"ಹೊಡೆಯುವಾಗಿನ ಮುಖ ನಾನು ನೋಡಿದ್ದೇನೆ," ಅಂದ. "ಹೊಡೆದಾದ ಮೇಲಿನದ್ದು ನೋಡಿರಲಿಲ್ಲ."

ಬೆಳ್ತಂಗಡಿಯವರು ಬಂದರು. ಅವರಲ್ಲಿ ಹಿರಿಯರೊಬ್ಬರು ಸುತ್ತು ಬಂದು ನೋಡಿ, "ಉಗ್ರ ಸಾಲದಲ್ಲ ಆಚಾರ್ರೇ?" ಅಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅಪ್ಪ, "ಇದಕ್ಕಿಂತ ಹೆಚ್ಚಿನದ್ದು ನನ್ನಿಂದ ಆಗುವುದಿಲ್ಲ, ಬೇಕಾದರೆ ಕೊಂಡುಹೋಗಿ," ಅಂದ. ಅವರು ತಮ್ಮೊಳಗೆ ಮಾತಾಡಿಕೊಂಡು, ಕೊನೆಗೆ ಬಿಳಿ ಬಟ್ಟೆ ಸುತ್ತಿ ಗಾಡಿಯಲ್ಲಿ ಮಲಗಿಸಿಕೊಂಡು ಹೋದರು.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅಮ್ಮ ಅಂಗಳದ ಬದಿಯಲ್ಲಿ ಕೂತು ಬಿದಿರಿನ ಗೆರಸೆಯಲ್ಲಿ ಅಕ್ಕಿ ಗೇರುತ್ತಿದ್ದಳು. ಅಪ್ಪ ಅವಳ ಎಡಬದಿಯಲ್ಲಿ, ಎರಡು ಮೊಳ ದೂರದಲ್ಲಿ ಬಂದು ಕೂತ. ಅಷ್ಟು ಹತ್ತಿರ ಅವನು ಕೂತದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ನೆಲ ನೋಡುತ್ತ, ಸಣ್ಣ ಸ್ವರದಲ್ಲಿ, "ನನ್ನಿಂದ ತಪ್ಪಾಯಿತು ಗಿರಿಜಾ," ಅಂದ. ಅವಳನ್ನು ಹೆಸರು ಹಿಡಿದು ಕರೆದದ್ದೂ ಅದೇ ಮೊದಲು. ಅಮ್ಮ ಅಕ್ಕಿ ಗೇರುತ್ತಲೇ ಇದ್ದಳು. ಅವನ ತುಟಿ ಅಲುಗಿದ್ದು ಕಣ್ಣಂಚಿಗೆ ಬಿದ್ದಿರಬೇಕು, ಗೆರಸೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಏನಂತೆ?"

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಇನ್ನೊಮ್ಮೆ ಹೇಳುವ ಶಕ್ತಿ ಅವನಲ್ಲಿ ಇಲ್ಲ ಎಂದು ನನಗೆ ಕಾಣುತ್ತಿತ್ತು. ನಾನು ಹೇಳಲಿ ಎಂದು ಕಾಯುತ್ತಿದ್ದ.

"ಹಸಿವಾಗ್ತದಂತೆ," ಅಂದೆ.

ಅಮ್ಮ ಗೆರಸೆ ಬದಿಗಿಟ್ಟು, ಮಂಡಿ ಹಿಡಿದು ಎದ್ದು, ಅವನಿಗೆ ಗಂಜಿ ಹಾಕಲು ಒಳಗೆ ಹೋದಳು. ಅವಳು ಆಮೇಲೆ ಮೂವತ್ತು ವರ್ಷ ಬದುಕಿದ್ದಳು. ನಾನು ಹೇಳಲಿಲ್ಲ.